ವಕೀಲ ಸಾಹೇಬರಿಗೆ ವಿಚ್ಛೇದನದ ಆಯೇರಿ

ಬೈಲಹೊಂಗಲದ ವಕೀಲ ತ್ರ್ಯಂಬಕ ಹುದ್ದಾರ ಅವರು ತಮ್ಮ ಇಪ್ಪತ್ತೆರಡು ವರ್ಷಗಳ ವಕೀಲಿಯಲ್ಲಿ ಒಬ್ಬನೇ ಒಬ್ಬ ಗಂಡನನ್ನೂ ಅವನ ಹೆಂಡತಿಯಿಂದ ಬಿಡಿಸಿರಲಿಲ್ಲ ಎಂಬುದು ದಾಖಲೆಗಳಿಂದ ದೃಢಪಟ್ಟಿರುವ ಸಂಗತಿ. ಈ ಅವಧಿಯಲ್ಲಿ ಅವರು ಹಾಕಿದ ವಿಚ್ಛೇದನದ ಅರ್ಜಿಗಳು ನೂರಾ ನಲವತ್ಮೂರು. ಅವುಗಳಲ್ಲಿ ನೂರಾ ನಲವತ್ತೆರಡನ್ನು ಅರ್ಜಿದಾರರೇ ಹಿಂದಕ್ಕೆ ಪಡೆದು, ಎದುರುದಾರರೊಂದಿಗೆ ಒಂದೇ ಬಸ್ಸಿನಲ್ಲಿ, ಜಾಗ ಸಿಕ್ಕರೆ ಒಂದೇ ಸೀಟಿನಲ್ಲಿ, ಊರಿಗೆ ಹೋಗಿದ್ದರು. ಉಳಿದದ್ದು ಒಂದು. ಅದಕ್ಕೆ ಒಂಬತ್ತು ವರ್ಷ ತುಂಬಿತ್ತು.

ಇದರಲ್ಲಿ ತ್ರ್ಯಂಬಕರ ಜಾಣತನವೇನೂ ಇರಲಿಲ್ಲ. ಅವರಿಗೆ ಚೆನ್ನಾಗಿ ಬರುತ್ತಿದ್ದ ವಿದ್ಯೆ ಒಂದೇ, ತಾರೀಖು ತೆಗೆದುಕೊಳ್ಳುವುದು. ಎದುರು ಪಕ್ಷಕ್ಕೆ ಯಾವಾಗಲೂ ಅವರ ಬಾಲ್ಯದ ಗೆಳೆಯ ವಿರೂಪಾಕ್ಷ ವಕೀಲರು ನಿಲ್ಲುತ್ತಿದ್ದರು. ಒಂದು ತಿಂಗಳು ತ್ರ್ಯಂಬಕರ ಗಂಟಲು ಕಟ್ಟಿದರೆ ಇನ್ನೊಂದು ತಿಂಗಳು ವಿರೂಪಾಕ್ಷರ ಸೋದರತ್ತೆ ತೀರಿಕೊಳ್ಳುತ್ತಿದ್ದರು. ಕಿತ್ತೂರಿನಲ್ಲಿದ್ದ ಆ ಸೋದರತ್ತೆ ಒಂಬತ್ತು ವರ್ಷಗಳಲ್ಲಿ ಹನ್ನೊಂದು ಸಲ ತೀರಿಕೊಂಡರೂ ಆರೋಗ್ಯದಿಂದಿದ್ದರು. ನ್ಯಾಯಾಲಯ ಪ್ರತಿ ಸಲವೂ ಸಂತಾಪ ಸೂಚಿಸಿ ಮುಂದಿನ ತಾರೀಖು ಕೊಟ್ಟಿತ್ತು.

ಸಂಸಾರಗಳು ಕೂಡುತ್ತಿದ್ದ ಬಗೆ ಹೀಗಿತ್ತು. ಕಿತ್ತೂರ ಕಡೆಯ ಹೆಂಡತಿಯೂ ಸವದತ್ತಿ ಕಡೆಯ ಗಂಡನೂ ಮೊದಲನೆಯ ಬಸ್ಸಿಗೆ ಹೊರಟು ಹತ್ತು ಗಂಟೆಗೆ ಕೋರ್ಟು ಮುಟ್ಟುತ್ತಿದ್ದರು. ಹನ್ನೊಂದಕ್ಕೆ ಹೆಸರು ಕೂಗುತ್ತಿದ್ದರು, ಹನ್ನೊಂದೂ ಐದಕ್ಕೆ ಮುಂದಿನ ತಾರೀಖು ಸಿಗುತ್ತಿತ್ತು. ತಿರುಗಿ ಹೋಗುವ ಬಸ್ಸು ಮೂರಕ್ಕೆ. ನಡುವಿನ ನಾಲ್ಕು ತಾಸು ಅಂಗಳದ ಬೇವಿನ ಗಿಡದ ಕೆಳಗೆ ಕೂಡುವುದು ಬಿಟ್ಟರೆ ಬೇರೆ ಹಾದಿ ಇರಲಿಲ್ಲ. ಮನೆಯಲ್ಲಾದರೆ ಜಗಳಾಡಲು ಅಡಿಗೆಮನೆಯಿತ್ತು, ಹಿತ್ತಲಿತ್ತು, ನಡುನಡುವೆ ಮಾತು ಕೂಡಿಸಲು ಅತ್ತೆ ಇದ್ದಳು. ಇಲ್ಲಿ ಇದಾವುದೂ ಇರಲಿಲ್ಲ. ಮೇಲಾಗಿ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಗಂಡನನ್ನು ಎಷ್ಟೋ ಹೆಂಡಂದಿರು ಮದುವೆಯ ನಂತರ ಮೊದಲ ಸಲ ನೋಡುತ್ತಿದ್ದದ್ದು ಆ ಗಿಡದ ಕೆಳಗೇ. ನಾಲ್ಕನೆಯ ತಾರೀಖಿಗೆ ಬುತ್ತಿ ಬಿಚ್ಚುತ್ತಿತ್ತು, ಏಳನೆಯದಕ್ಕೆ ಬಾಯಿ ಬಿಚ್ಚುತ್ತಿತ್ತು, ಹನ್ನೆರಡನೆಯದರ ಹೊತ್ತಿಗೆ ಅರ್ಜಿ ವಾಪಸ್ಸಾಗುತ್ತಿತ್ತು.

“ನೀವು ವಕೀಲರಲ್ಲರಿ, ಬಸ್ ಸ್ಟ್ಯಾಂಡು. ಮಂದಿ ಬರ್ತಾರ, ಕೂಡ್ತಾರ, ಬಸ್ಸು ಹತ್ತಿ ಹೋಗ್ತಾರ,” ಎಂದು ಹೆಂಡತಿ ಸುಚೇತಾ ಅನ್ನುತ್ತಿದ್ದರು. ಅವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ಆದ್ದರಿಂದ ಅವರ ಮಾತಿಗೆ ಮನೆಯಲ್ಲಿ ಮೇಲ್ಮನವಿ ಇರಲಿಲ್ಲ.

ತ್ರ್ಯಂಬಕರಿಗೆ ಒಂದೇ ಒಂದು ಆಸೆಯಿತ್ತು, ಎತ್ತರದ ಕುರ್ಚಿಯ ಮೇಲೆ ಕೂಡಬೇಕು. ಇಪ್ಪತ್ತೆರಡು ವರ್ಷ ನ್ಯಾಯಾಧೀಶರ ಮುಂದೆ ನಿಂತು ಅವರ ಹಿಮ್ಮಡ ಸವೆದಿತ್ತು. ಹುದ್ದಾರ ಎಂಬ ಅಡ್ಡಹೆಸರಿನ ಆ ಮನೆತನದಲ್ಲಿ ನಾಲ್ಕು ತಲೆಮಾರಿನಿಂದ ಹುದ್ದೆ ಎಂಬುದನ್ನು ಯಾರೂ ಕಂಡಿರಲಿಲ್ಲ. ತಾಯಿ ಇಂದಿರಾಬಾಯಿ ಓಣಿಯಲ್ಲಿ ಯಾರು ಕೇಳಿದರೂ “ನಮ್ಮ ತ್ರ್ಯಂಬಕ ಸದ್ಯಾ ವಕೀಲ ಇದ್ದಾನ” ಎನ್ನುತ್ತಿದ್ದರು. ಹೀಗೆ ‘ಸದ್ಯಾ’ ಎನ್ನತೊಡಗಿ ಇಪ್ಪತ್ತೆರಡು ವರ್ಷವಾಗಿತ್ತು.

ಹೀಗಿರುವಾಗ ಈ ಕೆಳಗಿನ ಪ್ರಕಟಣೆ ಹೊರಬಿತ್ತು.

“ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ದಂಪತಿಗಳ ಬಹುದಿನಗಳ ಬೇಡಿಕೆಯನ್ನು ಪರಿಗಣಿಸಿ ‘ನಾಲ್ಕೂರು ಸಂಯುಕ್ತ ಕೌಟುಂಬಿಕ ನ್ಯಾಯಾಲಯ’ವನ್ನು ಸ್ಥಾಪಿಸಲಾಗಿದೆ. ಸದರಿ ನ್ಯಾಯಾಲಯದ ನ್ಯಾಯಾಧೀಶರ ಹುದ್ದೆಗೆ ಕುಟುಂಬ ವ್ಯವಹಾರಗಳಲ್ಲಿ ನುರಿತ, ನಲವತ್ತೆಂಟು ವರ್ಷ ಮೀರದ, ಶಾಂತ ಸ್ವಭಾವದ ವಕೀಲರಿಂದ ಅರ್ಜಿ ಆಹ್ವಾನಿಸಲಾಗಿದೆ. ಶಾಂತ ಸ್ವಭಾವದ ಬಗ್ಗೆ ಇಬ್ಬರು ನೆರೆಹೊರೆಯವರ ದೃಢೀಕರಣ ಲಗತ್ತಿಸತಕ್ಕದ್ದು.”

ತ್ರ್ಯಂಬಕರಿಗೆ ನಲವತ್ತೆಂಟು ತುಂಬಲು ನಾಲ್ಕು ತಿಂಗಳಿತ್ತು. ಅವರು ಅರ್ಜಿ ಹಾಕಿದರು. ಲಿಖಿತ ಪರೀಕ್ಷೆ ಪಾಸಾದರು. ಮೌಖಿಕ ಪರೀಕ್ಷೆಯಲ್ಲಿ “ಕುಟುಂಬ ಎಂದರೇನು?” ಎಂದು ಕೇಳಿದಾಗ “ನಿಯಮಗಳಲ್ಲಿ ವ್ಯಾಖ್ಯಾನಿಸಿದಂತೆ” ಎಂದು ಉತ್ತರಿಸಿ ಮೊದಲ ಸ್ಥಾನ ಪಡೆದರು. ಕಾಗದಪತ್ರಗಳ ಪರಿಶೀಲನೆಯೊಂದೇ ಬಾಕಿ ಉಳಿಯಿತು. ಇಂದಿರಾಬಾಯಿ ಓಣಿಯಲ್ಲಿ ಪೇಢೆ ಹಂಚಿಯೇಬಿಟ್ಟರು.

ಪರಿಶೀಲನಾ ಕೋಶದ ಶಾಖಾಧಿಕಾರಿ ಶೀತಲ ಎಂಬ ಚುರುಕಾದ ಹೆಣ್ಣುಮಗಳು. ಅವರ ಮೇಜಿನ ಮೇಲೆ ನಿಯಮಗಳ ಪುಸ್ತಕವೂ ಅದರ ಪಕ್ಕಕ್ಕೆ ಸಣ್ಣದೊಂದು ಫ್ಯಾನೂ ಇದ್ದವು. ಫ್ಯಾನಿನ ಗಾಳಿಗೆ ಹಾಳೆ ಮಗುಚಿ ಏಳನೆಯ ನಿಯಮಕ್ಕೆ ಬಂದು ನಿಂತಿತು.

“ಎಲ್ಲಾ ಕಾಗದ ಸರಿ ಅದಾವ್ರಿ ಸರ್. ಏಳನೇ ನಿಯಮದ್ದು ಒಂದ ಬರಬೇಕು. ಕನಿಷ್ಠ ಒಂದು ವಿಚ್ಛೇದನದ ಕೇಸು ಹಿಡಿದು, ಕಡೀತನಕ ನಡಸಿ, ವಿಚ್ಛೇದನ ಕೊಡಿಸಿದ್ದರ ತೀರ್ಪಿನ ನಕಲು.”

“ನೂರಾ ನಲವತ್ತೆರಡು ಸಂಸಾರ ಕೂಡಿಸೀನ್ರಿ ಮೇಡಮ್.”

“ಅದನ್ನ ಒಪ್ಪತೇನ್ರಿ. ಮುಗಿಸಿದ್ದು ಎಷ್ಟು?”

“ಕೂಡಿಸಿದ್ದು ಮುಗಿದಂಗ ಅಲ್ಲೇನ್ರಿ?”

“ಕೂಡಿಸಿದ್ದು ನಡುವ ನಿಂತಂಗ್ರಿ ಸರ್. ಅದರಾಗ ತೀರ್ಪಿಲ್ಲ. ತೀರ್ಪಿಲ್ಲ ಅಂದ್ರ ಅನುಭವ ಇಲ್ಲ.” ಶೀತಲ ಅರ್ಜಿಯ ಅಂಕಣದಲ್ಲಿ ಪೆನ್ಸಿಲಿನಿಂದ ‘ಇಲ್ಲ’ ಎಂದು ಬರೆದರು. ಪೆನ್ಸಿಲಿನಿಂದ ಬರೆದದ್ದು ಅವರ ಒಳ್ಳೆಯತನ.

“ಕೌಟುಂಬಿಕ ನ್ಯಾಯಾಧೀಶನ ಕೆಲಸ ಸಂಸಾರ ಉಳಸೋದು ಅಲ್ಲೇನ್ರಿ?”

“ಅದು ನೇಮಕ ಆದ ಮ್ಯಾಲಿಂದ್ರಿ ಸರ್. ಇದು ನೇಮಕ ಆಗೂಕಿಂತ ಮೊದಲಿಂದು. ತೊಂಬತ್ತು ದಿನ ಟೈಮ್ ಐತಿ. ಒಂದು ಮುರದು ತರ್ರಿ, ಪೆನ್ಸಿಲ್ ಅಳಸಿಬಿಡತೇನಿ.”

ತ್ರ್ಯಂಬಕರು ಊರಿಗೆ ಬಂದು ನೂರಾ ನಲವತ್ಮೂರನೆಯ ಕಡತ ತೆಗೆದರು. ಅದು ನೇಸರಗಿಯ ಸಾವಿತ್ರೆವ್ವ, ತನ್ನ ಗಂಡ ತೊರಗಲ್ಲಿನ ನಿಜಗುಣಪ್ಪನ ಮೇಲೆ ಹಾಕಿದ ಅರ್ಜಿ. ಕಾರಣ ಎಮ್ಮೆ. ಸಾವಿತ್ರೆವ್ವ ತವರಿನಿಂದ ಹೊಡೆದುಕೊಂಡು ಬಂದಿದ್ದ ಎಮ್ಮೆಯನ್ನು ನಿಜಗುಣಪ್ಪ ಅವಳಿಗೆ ಒಂದು ಮಾತೂ ಹೇಳದೆ ಮುಧೋಳದ ದಲಾಲನಿಗೆ ಮಾರಿದ್ದ. “ಇವತ್ತು ಎಮ್ಮಿ ಮಾರಿದಾಂವ ನಾಳಿ ನನ್ನ ಮಾರ್ತಾನ” ಎಂದು ಅವಳು ಅಣ್ಣನ ಮನೆಗೆ ಹೋಗಿ ಕೂತಳು. ತಾನಾಗಿ ಹೋದವಳು ತಾನಾಗಿ ಬರಬೇಕೆಂದು ಅವನು, ಕರೆಯಲು ಬಂದರೆ ಮಾತ್ರ ಹೋಗುವುದೆಂದು ಅವಳು, ಹೀಗೆ ಒಂಬತ್ತು ವರ್ಷ ಸಂದಿತ್ತು. ಇಬ್ಬರಿಗೂ ಐವತ್ತು ದಾಟಿತ್ತು. ಒಂದು ತಾರೀಖನ್ನೂ ಇಬ್ಬರೂ ತಪ್ಪಿಸಿರಲಿಲ್ಲ.

ಅವರದು ಉಳಿದವರಿಗಿಂತ ಬೇರೆ ರೀತಿ. ಬುತ್ತಿ ಬಿಚ್ಚಿದ್ದು ಎರಡನೆಯ ತಾರೀಖಿಗೇ. ಆದರೆ ಬಾಯಿ ಬಿಚ್ಚಿರಲಿಲ್ಲ. ಕೇಸು ನಡೆದಿರುವಾಗ ಪರಸ್ಪರ ಮಾತಾಡಬಾರದೆಂದು ಯಾರೋ ಹೇಳಿದ್ದನ್ನು ಇಬ್ಬರೂ ಕಾನೂನೆಂದು ನಂಬಿದ್ದರು. ಆದ್ದರಿಂದ ನಡುವೆ ತ್ರ್ಯಂಬಕರನ್ನು ಕೂಡಿಸಿಕೊಳ್ಳುತ್ತಿದ್ದರು.

“ಸಾಹೇಬ್ರ, ಎದರುದಾರಗ ಹೇಳ್ರಿ, ಇನ್ನೊಂದು ರೊಟ್ಟಿ ಐತಿ ಅಂತ.”

“ಸಾಹೇಬ್ರ, ಅರ್ಜಿದಾರಳಿಗೆ ಹೇಳ್ರಿ, ಎಣಗಾಯಿಗೆ ಉಪ್ಪು ಕಡಿಮಿ ಬಿದ್ದೈತಿ ಅಂತ. ರೊಟ್ಟಿ ಹಾಕು ಅಂತನೂ ಹೇಳ್ರಿ.”

ತ್ರ್ಯಂಬಕರು ಎರಡೂ ಕಡೆಯ ಹೇಳಿಕೆಗಳನ್ನು ತಲುಪಿಸಿ, ತಮ್ಮ ಪಾಲಿನ ರೊಟ್ಟಿ ತಿಂದು ಏಳುತ್ತಿದ್ದರು.

ಈ ಸಂಸಾರವನ್ನು ಈಗ ತೊಂಬತ್ತು ದಿನಗಳಲ್ಲಿ ಮುರಿಯಬೇಕಾಗಿತ್ತು. ಸಂತೆಯ ದಿನ ನೋಡಿ ಅವರು ನೇಸರಗಿಗೆ ಹೋದರು. ಸಾವಿತ್ರೆವ್ವ ಬದನೆಕಾಯಿ ಆರಿಸುತ್ತಿದ್ದವಳು ವಕೀಲರನ್ನು ಕಂಡು ಸೆರಗು ಸರಿಮಾಡಿಕೊಂಡಳು.

“ಸಾವಿತ್ರೆವ್ವ, ನಿನ್ನ ಕೇಸು ಲಗೂನ ಮುಗಿಸಿಬಿಡೋಣಂತ ಮಾಡೀನಿ.”

“ಮುಗಸೂದಂದ್ರ ಹ್ಯಾಂಗ್ರಿ?”

“ಸೋಡಚೀಟಿ ಬರ್ತದ. ನೀ ಬ್ಯಾರೆ, ಅಂವ ಬ್ಯಾರೆ.”

“ಮುಂದಿನ ತಾರೀಖು?”

“ಮುಂದ ತಾರೀಖು ಇರೋದಿಲ್ಲವ್ವ.”

ಸಾವಿತ್ರೆವ್ವ ಕೈಯಲ್ಲಿದ್ದ ಬದನೆಕಾಯಿಯನ್ನು ತಿರುತಿರುಗಿಸಿ ನೋಡಿದಳು. “ತಾರೀಖಿಲ್ಲಂದ್ರ ನಾ ಬೈಲಹೊಂಗಲಕ್ಕ ಯಾಕ ಬರ್ಲಿ?” ಎಂದಳು. ತ್ರ್ಯಂಬಕರು ಸುಳ್ಳು ಹೇಳುವ ಮನುಷ್ಯರಲ್ಲ, ಗಂಟಲಿನ ವಿಷಯ ಒಂದನ್ನು ಬಿಟ್ಟು. ಸಂತೆಯ ನಡುವೆ ನಿಂತು ಏಳನೆಯ ನಿಯಮ, ಪೆನ್ಸಿಲು, ನಲವತ್ತೆಂಟನೆಯ ವರ್ಷ, ತಾಯಿ ಹಂಚಿದ ಪೇಢೆ, ಎಲ್ಲವನ್ನೂ ಹೇಳಿಬಿಟ್ಟರು. ಹೇಳುವಾಗ ಧ್ವನಿ ಕುಗ್ಗಿತು.

ಸಾವಿತ್ರೆವ್ವನಿಗೆ ಅರ್ಥವಾದದ್ದು ಇಷ್ಟು: ವಕೀಲ ಸಾಹೇಬರ ಮನೆಯಲ್ಲಿ ಶುಭಕಾರ್ಯ ಬಂದಿದೆ, ಅದಕ್ಕೆ ತನ್ನಿಂದ ಒಂದು ವಸ್ತು ಬೇಕಾಗಿದೆ. ಈ ಸೀಮೆಯಲ್ಲಿ ಉಪಕಾರ ಮಾಡಿದವರ ಮನೆಯಲ್ಲಿ ಕಾರ್ಯವಾದರೆ ಆಯೇರಿ ಮಾಡಬೇಕು. ಸೀರೆಯೋ ಧೋತರವೋ ತಲೆಗೆ ಒಂದು ರುಮಾಲೋ, ಕೈಲಾದದ್ದು. ಒಮ್ಮೆ ಬಾಯಿಂದ ಆಡಿದ ಆಯೇರಿಯನ್ನು ಹಿಂದಕ್ಕೆ ತೆಗೆದುಕೊಂಡವರು ನಾಲ್ಕು ತಾಲೂಕಿನಲ್ಲಿ ಯಾರೂ ಇಲ್ಲ.

“ಒಂಬತ್ತು ವರ್ಷ ನನ್ನ ಸಲುವಾಗಿ ಗಂಟಲು ಕೆಡಿಸ್ಕೊಂಡೀರಿ. ನಾ ನಿಮಗ ಒಂದು ಸೋಡಚೀಟಿ ಆಯೇರಿ ಮಾಡಲಾರೆನೇನ್ರಿ?” ಎಂದಳು. ಬದನೆಕಾಯಿಯನ್ನು ಚೀಲಕ್ಕೆ ಹಾಕಿದಳು.

ಮುಂದಿನ ತಾರೀಖಿಗೆ ಬೇವಿನ ಗಿಡದ ಕೆಳಗೆ ವಿಷಯ ಇತ್ಯರ್ಥಕ್ಕೆ ಬಂತು. “ಎದರುದಾರಗ ಹೇಳ್ರಿ, ಸಾಹೇಬ್ರಿಗೆ ನಮ್ಮ ಸೋಡಚೀಟಿ ಆಯೇರಿ ಮಾಡೂನಂತ.” ನಿಜಗುಣಪ್ಪ ಬಾಯಲ್ಲಿದ್ದ ತುತ್ತನ್ನು ಬಹಳ ಹೊತ್ತು ಅಗಿದ. ನೀರು ಕುಡಿದ. ಆಮೇಲೆ ಅಂದ: “ಅರ್ಜಿದಾರಳಿಗೆ ಹೇಳ್ರಿ, ಆಯೇರಿಯೊಳಗ ನಂದೂ ಅರ್ಧಾ ಪಾಲು ಐತಿ ಅಂತ. ಒಬ್ಬಾಕಿನ ಮಾಡಿದ್ಲಂತ ಆಗಬಾರದು.”

ತ್ರ್ಯಂಬಕರು ಸಂತೋಷದಿಂದ ಶೀತಲ ಅವರಿಗೆ ಫೋನು ಹಚ್ಚಿದರು. ಇಬ್ಬರೂ ಒಪ್ಪಿದ್ದಾರೆ, ಪರಸ್ಪರ ಸಮ್ಮತಿಯ ವಿಚ್ಛೇದನ ಬೇಗ ಬರುತ್ತದೆ ಎಂದರು.

“ಸಮ್ಮತಿದು ನಡ್ಯೂದಿಲ್ರಿ ಸರ್,” ಎಂದರು ಶೀತಲ. “ನಿಯಮದಾಗ ವಿವಾದಿತ ಅಂತ ಐತಿ. ಒಬ್ಬರು ಬೇಕನಬೇಕು, ಒಬ್ಬರು ಬ್ಯಾಡ ಅನಬೇಕು. ಇಬ್ಬರೂ ಒಪ್ಪಿದ್ರ ಅದು ದಾಂಪತ್ಯ ಸರ್, ವಿವಾದ ಅಲ್ಲ.”

ಹೀಗೆ ನಿಜಗುಣಪ್ಪ ವಿಚ್ಛೇದನವನ್ನು ವಿರೋಧಿಸತಕ್ಕದ್ದೆಂದು ತೀರ್ಮಾನವಾಯಿತು. ಇಬ್ಬರಿಗೂ ಜಗಳ ಮರೆತುಹೋಗಿದ್ದರಿಂದ ವಿರೂಪಾಕ್ಷ ವಕೀಲರು ಗಿಡದ ಕೆಳಗೇ ತಾಲೀಮು ಕೊಟ್ಟರು.

“ಹೂಂ, ಬೈ ಸಾವಿತ್ರೆವ್ವ.”

“ಏನಂತ ಬೈಲ್ರಿ?”

“ಮನಸಿನ್ಯಾಗ ಬಂದದ್ದು ಬೈ.”

ಸಾವಿತ್ರೆವ್ವ ಬಹಳ ಯೋಚಿಸಿ, “ಎದರುದಾರಗ ಹೇಳ್ರಿ, ಅಂಗೀ ಗುಂಡಿ ಹರದೈತಿ, ಹಿಂಗ ಮಂದ್ಯಾಗ ಬರಬಾರದು ಅಂತ” ಎಂದಳು. ಇದಕ್ಕಿಂತ ಕಠೋರವಾದದ್ದು ಆ ದಿನ ಸಿಗಲಿಲ್ಲ.

ವಿಚಾರಣೆಯ ದಿನ ಬಂತು. ವಿರೂಪಾಕ್ಷರ ಸೋದರತ್ತೆ ಆ ತಿಂಗಳು ತೀರಿಕೊಳ್ಳಲಿಲ್ಲ. ತ್ರ್ಯಂಬಕರ ಗಂಟಲು ಸ್ವಚ್ಛವಾಗಿತ್ತು. ಇದನ್ನು ಕಂಡು ನ್ಯಾಯಾಧೀಶರೇ ಗಾಬರಿಯಾಗಿ, “ಇಬ್ಬರೂ ಆರಾಮ ಇದ್ದೀರಷ್ಟೆ?” ಎಂದು ವಿಚಾರಿಸಿದರು.

ಸಾವಿತ್ರೆವ್ವ ತನ್ನ ಪಾಠವನ್ನು ಒಪ್ಪಿಸಿದಳು. ಎಮ್ಮೆ ಮಾರಿದ್ದು ನಿಜ, ತನಗೆ ಈ ಮನುಷ್ಯ ಬೇಡ. ಆಮೇಲೆ ನಿಜಗುಣಪ್ಪ ಕಟಕಟೆ ಹತ್ತಿದ. ಬೆಳಿಗ್ಗೆಯೇ ಹಣೆತುಂಬ ಈಬತ್ತಿ ಹಚ್ಚಿಕೊಂಡು ಬಂದಿದ್ದ. ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳುವುದಾಗಿ ಹೇಳಿದ. ವಕೀಲರಿಬ್ಬರೂ ಆ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಕೋರ್ಟಿನಲ್ಲಿ ಅದನ್ನು ಯಾರೂ ಹಿಡಿಯುವುದಿಲ್ಲ.

ಪಾಟಿಸವಾಲಿಗೆ ತ್ರ್ಯಂಬಕರು ಎದ್ದರು. “ಅರ್ಜಿದಾರರು ಮನೆಗೆ ಮರಳಿ ಬರುವುದು ನಿಮಗೆ ಬೇಕಾಗಿಯೇ ಇಲ್ಲ, ನೀವು ಸುಮ್ಮನೆ ಹಟಕ್ಕೆ ವಿರೋಧಿಸುತ್ತಿದ್ದೀರಿ ಎಂದು ಸೂಚಿಸುತ್ತೇನೆ.”

“ಸ... ಸುಳ್ಳರಿ,” ಎಂದ ನಿಜಗುಣಪ್ಪ. ತಾಲೀಮಿನ ಪ್ರಕಾರ ಇಲ್ಲಿಗೆ ಮುಗಿಯಬೇಕಾಗಿತ್ತು. ಅವನು ಮುಗಿಸಲಿಲ್ಲ. ಕಟಕಟೆಯ ಕಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. “ಎಮ್ಮಿ ಮಾರಿದ್ದು ನಂದ ತಪ್ಪರಿ. ಕೊಟ್ಟಿಗ್ಯಾಗ ಅದರ ಗೂಟ ಇನ್ನೂ ಕಿತ್ತಿಲ್ರಿ. ಒಂಬತ್ತು ವರ್ಷ ಆತು, ದಿನಾ ಎಡವತೇನಿ. ಈಕಿ ಬಂದ್ರ ಇಬ್ಬರೂ ಕೂಡಿ ಹೋಗಿ ಹೊಸಾದು ತರೂನಂತ ಇಟ್ಟೇನ್ರಿ. ನಾ ಕರಿಯಾಕ ಹೋಗಬೇಕಿತ್ತು. ಈಗ ಇಲ್ಲೇ ಕರೀತೇನಿ. ಬಾ ಸಾವಿತ್ರಿ, ಮನೀಗೆ ಬಾ.”

ಅವನು ಅವಳನ್ನು ಹೆಸರು ಹಿಡಿದು, ನಡುವೆ ಯಾರನ್ನೂ ಇಟ್ಟುಕೊಳ್ಳದೆ ಮಾತಾಡಿಸಿದ್ದು ಒಂಬತ್ತು ವರ್ಷಗಳಲ್ಲಿ ಅದೇ ಮೊದಲು. ಟೈಪು ಮಾಡುವವಳ ಕೈ ನಿಂತಿತು.

“ಇದನ್ನು ಮೊದಲೇ ಏಕೆ ಹೇಳಲಿಲ್ಲ?” ಎಂದರು ನ್ಯಾಯಾಧೀಶರು.

“ಯಾರೂ ಕೇಳಲಿಲ್ರಿ ಸಾಹೇಬ್ರ. ಬರೇ ತಾರೀಖ ಕೊಟ್ರಿ.”

ತಾವು ಒಂಬತ್ತು ವರ್ಷ ಇವರ ನಡುವೆ ಕೂತು ರೊಟ್ಟಿ ತಿಂದದ್ದು, ಈ ಒಂದು ಪ್ರಶ್ನೆ ಕೇಳದೇ ಇದ್ದದ್ದು, ಎಲ್ಲ ತ್ರ್ಯಂಬಕರಿಗೆ ನೆನಪಾಯಿತು. ನ್ಯಾಯಾಧೀಶರ ಎತ್ತರದ ಕುರ್ಚಿಯನ್ನು ಒಮ್ಮೆ ನೋಡಿದರು. ಇದು ನಮಗಲ್ಲ ಎಂದುಕೊಂಡರು. “ಸ್ವಾಮಿ, ಅರ್ಜಿಯನ್ನು ಹಿಂದಕ್ಕೆ...” ಎಂದು ಶುರುಮಾಡುವಷ್ಟರಲ್ಲಿ ಹಿಂದಿನಿಂದ ಯಾರೋ ಕರಿಕೋಟು ಹಿಡಿದು ಜಗ್ಗಿದರು. ಸಾವಿತ್ರೆವ್ವ. ಕಣ್ಣಲ್ಲಿ ಧಾರಾಕಾರ ನೀರು, ಆದರೆ ಹಿಡಿತ ಬಿಗಿಯಾಗಿತ್ತು.

“ಕುಂದ್ರರಿ ಸಾಹೇಬ್ರ. ಆಯೇರಿ ಅಂದೇನಿ. ಅಂದದ್ದು ಅಂದಂಗ. ಸೋಡಚೀಟಿ ಕೈಯಾಗ ಹಿಡಕೊಂಡ ತೊರಗಲ್ಲಿಗೆ ಹೊಕ್ಕೇನಿ. ಸಾವಳಗಿ ಮಠದ ಅಜ್ಜಾರ ಕಡೆ ಇನ್ನೊಮ್ಮೆ ಮದುವಿ ಅಕ್ಕಿಕಾಳು ಹಾಕಿಸ್ಕೊಂಡ್ರ ಆತು.”

ತ್ರ್ಯಂಬಕರು ಕುಳಿತರು. ಕುಳಿತದ್ದಕ್ಕೆ ಅವರಿಗೆ ನಾಚಿಕೆಯಾಯಿತು. ಕುಳಿತ ಮೇಲೆ ಹಾಯೆನಿಸಿದ್ದೂ ಸುಳ್ಳಲ್ಲ.

ಹದಿನೈದು ದಿನಗಳಲ್ಲಿ ತೀರ್ಪು ಬಂತು. ಎಮ್ಮೆ ಮಾರಿದ್ದು ಕ್ರೌರ್ಯವಲ್ಲ. ಆದರೆ ಮನಸ್ಸಿನ ಮಾತನ್ನು ಒಂಬತ್ತು ವರ್ಷ ಹೆಂಡತಿಗೆ ಹೇಳದೆ ಬಚ್ಚಿಟ್ಟದ್ದು ಮಾನಸಿಕ ಕ್ರೌರ್ಯ. ಆದ್ದರಿಂದ ವಿವಾಹವನ್ನು ವಿಚ್ಛೇದಿಸಲಾಗಿದೆ. ಇಬ್ಬರೂ ಕೂಡಿ ಹುದ್ದಾರರ ಮನೆಗೆ ಬಂದರು. ಹಿತ್ತಾಳೆ ತಾಟಿನಲ್ಲಿ ತೀರ್ಪಿನ ದೃಢೀಕೃತ ನಕಲು, ಅದರ ಮೇಲೆ ಒಂದು ರುಮಾಲು, ಒಂದು ತೆಂಗಿನಕಾಯಿ. ಇಂದಿರಾಬಾಯಿ ತಾಟಿಗೆ ಕುಂಕುಮ ಹಚ್ಚಿ ಒಳಗೆ ಒಯ್ದರು. ಸುಚೇತಾ ಸಾವಿತ್ರೆವ್ವನನ್ನು ಮಣೆಯ ಮೇಲೆ ಕೂಡಿಸಿ, ಕುಪ್ಪಸದ ಕಣ, ಕೊಬ್ಬರಿ ಬಟ್ಟಲು ಹಾಕಿ, ಮುತ್ತೈದೆಯರಿಗೆ ತುಂಬುವಂತೆ ಉಡಿ ತುಂಬಿದರು.

“ಈಗ ಉಡಿ ತುಂಬಬಹುದೇನ್ರಿ ಅಕ್ಕಾರ? ವಿಚ್ಛೇದನ ಆಗೈತಿ,” ಎಂದು ಸಾವಿತ್ರೆವ್ವ ಅನುಮಾನಿಸಿದಳು.

“ಗಂಡ ಎದರಿಗೇ ನಿಂತಾನ, ಚಪ್ಪಲಿ ಕಳದಾನ. ಇನ್ನೇನು ಬೇಕು ನಿನಗ?” ಎಂದರು ಸುಚೇತಾ.

ಪೆನ್ಸಿಲಿನ ‘ಇಲ್ಲ’ ಅಳಿಯಿತು. ನೇಮಕಾತಿ ಆದೇಶ ಬಂತು. ತ್ರ್ಯಂಬಕರು ಓದುತ್ತ ಓದುತ್ತ ಎರಡನೆಯ ಪುಟದ ಕೆಳಗೆ ಬಂದು ನಿಂತರು. ಅಲ್ಲಿ ಹೀಗಿತ್ತು: “ನಿಯಮ ಹನ್ನೊಂದು. ಪ್ರೊಬೇಷನ್ನಿನ ಎರಡು ವರ್ಷಗಳ ಅವಧಿಯಲ್ಲಿ ನೇಮಕಗೊಂಡವರ ಅನುಭವವು ಊರ್ಜಿತವಾಗಿರತಕ್ಕದ್ದು. ಅನುಭವಕ್ಕೆ ಆಧಾರವಾದ ವಿಚ್ಛೇದಿತರು ಈ ಅವಧಿಯಲ್ಲಿ ಪುನಃ ಕೂಡಿದ್ದು ಕಂಡುಬಂದಲ್ಲಿ ಅನುಭವವು ರದ್ದಾಗಿ, ಹುದ್ದೆಯು ತೆರವಾದಂತೆ ಭಾವಿಸಲಾಗುವುದು. ವಿಚ್ಛೇದಿತರು ಬೇರೆಯಾಗಿಯೇ ಇರುವ ಬಗ್ಗೆ ನೇಮಕಗೊಂಡವರು ಪ್ರತಿ ತಿಂಗಳು ವರದಿ ಸಲ್ಲಿಸತಕ್ಕದ್ದು.”

ಸಾವಿತ್ರೆವ್ವ ಆಗಲೇ ಟ್ರಂಕು ಕಟ್ಟಿ ಇಟ್ಟಿದ್ದಳು. ತ್ರ್ಯಂಬಕರು ತಾವೇ ನೇಸರಗಿಗೆ ಹೋಗಿ ಹನ್ನೊಂದನೆಯ ನಿಯಮ ಓದಿ ಹೇಳಿದರು. ಹೇಳದೇ ಇರಬಹುದಿತ್ತು, ಅದು ಅವರಿಗೆ ಆಗಲಿಲ್ಲ. “ನಾ ರಾಜೀನಾಮೆ ಕೊಡ್ತೀನಿ” ಎಂದೂ ಅಂದರು. ಅವಳು ಒಪ್ಪಲಿಲ್ಲ. ಕೊಟ್ಟ ರುಮಾಲನ್ನು ತಿರುಗಿ ಇಸಿದುಕೊಳ್ಳುವ ಪೈಕಿ ನಾವಲ್ಲ ಎಂದಳು. ಆಮೇಲೆ ಟ್ರಂಕಿನ ಮೇಲೆ ಕೂತು, “ಎರಡು ವರ್ಷ ಬ್ಯಾರೆ ಇರೂದಂದ್ರ ಇರಬಹುದ್ರಿ. ರೂಢಿ ಐತಿ. ಆದ್ರ ಮೊದಲ ತಿಂಗಳಿಗೊಮ್ಮೆ ತಾರೀಖರ ಇತ್ತು. ಈಗ ಆ ನೆವನೂ ಹೋತು” ಎಂದು ಮುಖ ಮುಚ್ಚಿಕೊಂಡು ಅತ್ತಳು. ಕೇಸು ಹಾಕುವಾಗಲೂ ಅವಳು ಅತ್ತಿರಲಿಲ್ಲ.

ಆ ದಿನ ತ್ರ್ಯಂಬಕರಿಗೆ ಊಟ ಸೇರಲಿಲ್ಲ. ನೂರಾ ನಲವತ್ತೆರಡು ಮನೆ ಕೂಡಿದ್ದು ತಮ್ಮ ಸೋಮಾರಿತನದಿಂದ. ತಾವು ದುಡಿದು ಮಾಡಿದ ಒಂದೇ ಕೆಲಸದಿಂದ ಒಂದು ಮನೆ ಮುರಿಯಿತು ಎಂಬುದು ಅವರನ್ನು ಕೊರೆಯಿತು.

“ತಾಟಿನ ಮುಂದ ಕೂತು ಕಣ್ಣೀರು ತಗದ್ರ ಏನು ಬಂತು?” ಎಂದರು ಸುಚೇತಾ. “ವರದಿ ಕೊಡಬೇಕು ಅಂತ ಅದ ಅಲ್ಲ? ಇಬ್ಬರೂ ಬ್ಯಾರೆ ಇದ್ದಾರಂತ ನೋಡದ ಹ್ಯಾಂಗ ಬರೀತೀರಿ? ನೋಡಬೇಕಂದ್ರ ಕರೀಬೇಕು.”

ತ್ರ್ಯಂಬಕರು ತಾಟು ಸರಿಸಿ ಎದ್ದರು. ಕೌಟುಂಬಿಕ ನ್ಯಾಯಾಧೀಶರಾಗಿ ಅಧಿಕಾರ ವಹಿಸಿಕೊಂಡ ದಿನ ಅವರು ಹೊರಡಿಸಿದ ಮೊದಲ ಆದೇಶ ಹೀಗಿತ್ತು.

“ಇದು ನ್ಯಾಯಿಕ ವಿಷಯವಾಗಿರದೆ ಆಡಳಿತಾತ್ಮಕ ವಿಷಯವಾಗಿದ್ದು, ನಿಯಮ ಹನ್ನೊಂದರ ಕಟ್ಟುನಿಟ್ಟಾದ ಪಾಲನೆಗಾಗಿ, ಸದರಿ ವಿಚ್ಛೇದಿತರು ಪ್ರತಿ ತಿಂಗಳ ಮೊದಲ ಮಂಗಳವಾರ ಈ ನ್ಯಾಯಾಲಯಕ್ಕೆ ಖುದ್ದಾಗಿ ಹಾಜರಾಗಿ, ತಾವು ಬೇರೆ ಬೇರೆಯಾಗಿ ಇರುವುದಾಗಿ ಇಬ್ಬರೂ ಒಟ್ಟಿಗೆ ಪ್ರಮಾಣ ಮಾಡತಕ್ಕದ್ದು. ಪ್ರಮಾಣದ ಸಮಯ ಬೆಳಿಗ್ಗೆ ಹನ್ನೊಂದು. ಪ್ರಮಾಣದ ಪ್ರತಿಯನ್ನು ಮಧ್ಯಾಹ್ನ ಮೂರಕ್ಕೆ ಕೊಡಲಾಗುವುದು. ಅಲ್ಲಿಯವರೆಗೆ ವಿಚ್ಛೇದಿತರು ಆವರಣ ಬಿಟ್ಟು ಹೋಗತಕ್ಕದ್ದಲ್ಲ.”

ಆದೇಶದ ಪ್ರತಿ ಕೋಶಕ್ಕೆ ಹೋಯಿತು. ಶೀತಲ ಅವರೇ ಫೋನು ಮಾಡಿದರು.

“ಭಾಳ ಚಲೋ ವ್ಯವಸ್ಥಾ ಸರ್. ಬ್ಯಾರೆ ಅದಾರೋ ಇಲ್ಲೋ ಅಂತ ಒಂದ ಕಡೆ ಕೂಡಿಸಿ ನೋಡಿದ್ರನ ಖಾತ್ರಿ ಆಗೂದು. ನಮಗ್ಯಾರಿಗೂ ಹೊಳದಿರಲಿಲ್ಲ.”

ಆರು ತಿಂಗಳಲ್ಲಿ ಕೋಶವು ಈ ಪದ್ಧತಿಯನ್ನು ನಾಲ್ಕೂ ತಾಲೂಕುಗಳ ಎಲ್ಲ ವಿಚ್ಛೇದಿತರಿಗೂ ವಿಸ್ತರಿಸಿತು. ಮೊದಲ ಮಂಗಳವಾರ ಅಂಗಳದಲ್ಲಿ ಕಾಲಿಡಲು ಜಾಗವಿಲ್ಲದಂತಾಗಿ ಇನ್ನೆರಡು ಗಿಡ ನೆಡಲು ಮಂಜೂರಾತಿ ಸಿಕ್ಕಿತು. ವಿಚ್ಛೇದನ ಪಡೆಯದೆ ಮನೆಯಲ್ಲೇ ಕೂಡಿದ್ದ ಕೆಲವು ದಂಪತಿಗಳು ತಮಗೂ ಈ ಸೌಲಭ್ಯ ಬೇಕೆಂದು ಮನವಿ ಕೊಟ್ಟರು. ಮನವಿ ಪರಿಶೀಲನೆಯಲ್ಲಿದೆ.

ಏಳನೆಯ ತಿಂಗಳ ಮೊದಲ ಮಂಗಳವಾರ, ಹತ್ತು ಗಂಟೆಗೆ, ನ್ಯಾಯಾಧೀಶರಾದ ತ್ರ್ಯಂಬಕ ಹುದ್ದಾರ ಅವರು ತಮ್ಮ ಕೊಠಡಿಯ ಕಿಟಕಿಯಲ್ಲಿ ನಿಂತಿದ್ದರು. ತೊರಗಲ್ಲಿನ ಮಂದಿ ಹತ್ತುವ ರಾಮದುರ್ಗದ ಬಸ್ಸು ಬಂತು. ಮೊದಲು ನಿಜಗುಣಪ್ಪ ಇಳಿದ. ಅಂಗಿಯ ಗುಂಡಿಗಳೆಲ್ಲ ಇದ್ದವು. ಹಿಂದಿನಿಂದ ಸಾವಿತ್ರೆವ್ವ ಇಳಿದಳು. ಅವಳ ಸೀರೆಯ ಅಂಚಿಗೆ ಹಸಿ ಸಗಣಿ ತಾಗಿತ್ತು, ಕೈಯಲ್ಲಿ ಗಿಣ್ಣದ ಹಾಲಿನ ತಂಬಿಗೆ ಇತ್ತು. ನೇಸರಗಿಯ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷವಿತ್ತು.

ನ್ಯಾಯಾಧೀಶರು ಕಿಟಕಿ ಮುಚ್ಚಿದರು.

ಹನ್ನೊಂದಕ್ಕೆ ಇಬ್ಬರೂ ಬಂದು ಮುಂದೆ ನಿಂತರು. ಗುಮಾಸ್ತ ನಮೂನೆಯ ಪ್ರಕಾರ ಕೇಳಿದ: “ಅರ್ಜಿದಾರರು ಎಲ್ಲಿಂದ ಬಂದ್ರಿ?”

“ಮನಿಯಿಂದ್ರಿ.”

“ಎದುರುದಾರರು?”

“ನಾನೂ ಮನಿಯಿಂದ್ರಿ.”

ಗುಮಾಸ್ತ ತಲೆಯೆತ್ತಿ ನ್ಯಾಯಾಧೀಶರನ್ನು ನೋಡಿದ. ಅವರ ಮುಖದಲ್ಲಿ ನಿಯಮದ ಹೊರತು ಬೇರೆ ಏನೂ ಕಾಣಲಿಲ್ಲ. ಅವರು ಬರೆಸಿದರು: “ಉಭಯತರೂ ಅವರವರ ಮನೆಯಿಂದ ಬಂದು, ತಾವು ಬೇರೆ ಬೇರೆಯಾಗಿ ಇರುವುದಾಗಿ ಒಂದೇ ಧ್ವನಿಯಲ್ಲಿ ಪ್ರಮಾಣ ಮಾಡಿರುತ್ತಾರೆ. ಇವರ ಮಾತನ್ನು ನಂಬದಿರಲು ನ್ಯಾಯಾಲಯಕ್ಕೆ ಯಾವ ಕಾರಣವೂ ಕಂಡುಬಂದಿಲ್ಲ.”

ಅದರ ಕೆಳಗೆ ಸಹಿ ಮಾಡಿದರು. ವರದಿ ಅದೇ ದಿನದ ಟಪಾಲಿಗೆ ಹೋಯಿತು, ಮತ್ತು ಕೋಶವು ತೃಪ್ತಿ ವ್ಯಕ್ತಪಡಿಸಿ ಅದನ್ನು ಕಡತಕ್ಕೆ ಸೇರಿಸಿತು.